ಕ್ರೈಸ್ತ ವಿಶ್ವಾಸ ಮತ್ತು ಜನಾಂಗೀಯ ಪೂರ್ವಗ್ರಹ: ಪದೇ ಪದೇ ಕೇಳುವ ಪ್ರಶ್ನೆಗಳು

ಕುಂಬಳೆ, ಬೇಳ, ಮಂಜೇಶ್ವರದ ಕಡೆ ವಾಳೆಯ (ಇಗರ್ಜಿಗೆ ಸೇರಿದ ನೆರೆಮನೆಗಳ ಗುಂಪಿನ) ಪ್ರಾರ್ಥನೆ ಮುಗಿದ ಮೇಲೆ ಜಗಲಿಯಲ್ಲಿ ಕುಳಿತು ಮಾತಾಡುವಾಗ ಎದ್ದು ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಉತ್ತರಿಸಿದವನು ಗುರುವೂ ಅಲ್ಲ, ಪಂಡಿತನೂ ಅಲ್ಲ. ಕೆಲವು ವರ್ಷ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಟ್ಟ ಒಬ್ಬ ಕಥೋಲಿಕ ವಿಶ್ವಾಸಿ.

ಜನಾಂಗೀಯ ಪೂರ್ವಗ್ರಹ ಅಮೆರಿಕದ, ದಕ್ಷಿಣ ಆಫ್ರಿಕದ ಸಮಸ್ಯೆಯಲ್ಲವೇ? ಕಾಸರಗೋಡಿನಲ್ಲಿ ಇದನ್ನು ಚರ್ಚಿಸುವ ಅಗತ್ಯವೇನು?

ಆ ಪದ ಹೊರಗಿನಿಂದ ಬಂದಿರಬಹುದು, ಪದ ಸೂಚಿಸುವ ಸಂಗತಿ ಮಾತ್ರ ನಮ್ಮ ಅಂಗಳದಲ್ಲಿಯೇ ಇದೆ. ಎದುರಿಗಿರುವವನು ಬಾಯಿ ತೆರೆಯುವ ಮೊದಲೇ ಅವನ ಮೈಬಣ್ಣ, ಮುಖಚಹರೆ, ಹುಟ್ಟಿದ ಕುಲ ನೋಡಿ ಅವನ ಬೆಲೆಯನ್ನು ಕಟ್ಟಿಬಿಡುವುದೇ ಜನಾಂಗೀಯ ಪೂರ್ವಗ್ರಹ. ನಮ್ಮ ಜಿಲ್ಲೆಯಲ್ಲಿ ಗಲ್ಫಿನ ನಂಟಿಲ್ಲದ ಮನೆಗಳು ಕಡಿಮೆ. ಪಾಸ್‌ಪೋರ್ಟ್ ನೋಡಿ ಸಂಬಳ ನಿಗದಿಪಡಿಸುವ ಕಂಪೆನಿಗಳ ಬಗ್ಗೆ, ಅಲ್ಲಿ ನುಂಗಿಕೊಂಡ ಅವಮಾನಗಳ ಬಗ್ಗೆ ರಜೆಯಲ್ಲಿ ಬಂದವರು ಕಹಿಯಿಂದ ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಅದೇ ನಾಲಿಗೆ ಮರುದಿನ ಕೆಂಪುಕಲ್ಲಿನ ಕೋರೆಯಲ್ಲಿ ದುಡಿಯುವ ಒಡಿಶಾದವನನ್ನೂ ಅಸ್ಸಾಮಿನವನನ್ನೂ ಹೆಸರು ಕೇಳದೆ 'ಬಂಗಾಳಿ' ಎಂದು ಕೂಗುತ್ತದೆ.

ಇನ್ನು ಚರ್ಮದ ಬಣ್ಣದ ಮಾತು. ಪೋರ್ಚುಗೀಸರ ಕಾಲದ ಗುಲಾಮರ ವ್ಯಾಪಾರದಲ್ಲಿ ಗೋವೆಗೆ ಬಂದ ಆಫ್ರಿಕನ್ನರ ಸಂತತಿಯವರೆಂದು ಹೇಳಲಾಗುವ ಸಿದ್ದಿಗಳು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ತಲೆತಲಾಂತರದಿಂದ ಬಾಳುತ್ತಿದ್ದಾರೆ. ಅವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕಥೋಲಿಕರೂ ಇದ್ದಾರೆ. ಕೊಂಕಣಿ, ಕನ್ನಡ ಎರಡೂ ಅವರ ಬಾಯಲ್ಲಿದೆ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಲಾಯಿತು. ಆದರೂ ಬಸ್ಸಿನಲ್ಲಿ ಪಕ್ಕ ಕುಳಿತ ಸಿದ್ದಿ ಹುಡುಗನನ್ನು 'ಯಾವ ದೇಶ?' ಎಂದು ಕೇಳದೆ ಬಿಡುವವರು ನಮ್ಮಲ್ಲಿ ಎಷ್ಟು ಜನ?

ಈ ವಿಷಯದಲ್ಲಿ ಬೈಬಲ್ ನೇರವಾಗಿ ಏನಾದರೂ ಹೇಳುತ್ತದೆಯೇ?

ಹೇಳುತ್ತದೆ, ಅದೂ ಊಟದ ಪಂಕ್ತಿಯನ್ನೇ ಮುಂದಿಟ್ಟುಕೊಂಡು. ಸಾಮಾನ್ಯವಾಗಿ ಎಲ್ಲರೂ ಉಲ್ಲೇಖಿಸುವುದು ಗಲಾತ್ಯರಿಗೆ ಬರೆದ ಪತ್ರದ 3ನೇ ಅಧ್ಯಾಯದ 28ನೇ ವಾಕ್ಯವನ್ನು: ಕ್ರಿಸ್ತನಲ್ಲಿ ಯೆಹೂದ್ಯ–ಗ್ರೀಕ ಎಂಬ ಭೇದವಿಲ್ಲ, ದಾಸ–ಸ್ವತಂತ್ರ ಎಂಬ ಭೇದವಿಲ್ಲ. ಅದನ್ನು ಇಗರ್ಜಿಯ ಗೋಡೆಗೆ ಬರೆಸುವುದು ಸುಲಭ. ಆದರೆ ಅದೇ ಪತ್ರದ 2ನೇ ಅಧ್ಯಾಯವನ್ನು ಓದದೆ ಆ ವಾಕ್ಯದ ಬಿಸಿ ತಟ್ಟುವುದಿಲ್ಲ.

ಮೊದಲು ಪ್ರೇಷಿತರ ಕಾರ್ಯಕಲಾಪಗಳ 10ನೇ ಅಧ್ಯಾಯ. ಯೊಪ್ಪದಲ್ಲಿ ಮಾಳಿಗೆಯ ಮೇಲೆ ಪ್ರಾರ್ಥಿಸುತ್ತಿದ್ದ ಪೇತ್ರನಿಗೆ ಹಸಿವಾಗಿದ್ದ ಹೊತ್ತಿನಲ್ಲಿಯೇ ಒಂದು ದರ್ಶನ ಆಗುತ್ತದೆ: ಯೆಹೂದ್ಯರು ಮುಟ್ಟದ ಪ್ರಾಣಿಗಳು ತುಂಬಿದ ಜೋಳಿಗೆಯಂಥ ಒಂದು ವಸ್ತ್ರ ಆಕಾಶದಿಂದ ಇಳಿಯುತ್ತದೆ, ದೇವರು ಶುದ್ಧಮಾಡಿದ್ದನ್ನು ನೀನು ಅಶುದ್ಧವೆನ್ನಬೇಡ ಎಂಬ ವಾಣಿ ಮೂರು ಸಲ ಕೇಳುತ್ತದೆ. ಅದರ ಅರ್ಥ ಆಹಾರದ್ದಲ್ಲ, ಮನುಷ್ಯರದ್ದು ಎಂಬುದು ಕೈಸರೈಯದಲ್ಲಿ ರೋಮನ್ ಶತಾಧಿಪತಿ ಕೊರ್ನೇಲಿಯನ ಹೊಸ್ತಿಲನ್ನು ದಾಟುವಾಗ ಪೇತ್ರನಿಗೆ ತಿಳಿಯುತ್ತದೆ. ದೇವರು ಪಕ್ಷಪಾತಿಯಲ್ಲ ಎಂಬ ಮಾತು ಅವನ ಬಾಯಿಂದ ಬರುವುದು ಆ ಮನೆಯೊಳಗೆ. ಅವನು ಜೆರುಸಲೇಮಿಗೆ ಹಿಂತಿರುಗಿದಾಗ ಅವನ ಮೇಲೆ ಬಂದ ದೂರು ಏನು ಗೊತ್ತೇ? ಅವರಿಗೆ ದೀಕ್ಷಾಸ್ನಾನ ಕೊಡಿಸಿದೆ ಎಂದಲ್ಲ. ಸುನ್ನತಿಯಿಲ್ಲದವರ ಮನೆಗೆ ಹೋಗಿ ಅವರ ಜೊತೆ ಉಂಡೆ ಎಂದು. ಈ ಆಕ್ಷೇಪದ ಧ್ವನಿ ನಮ್ಮ ಊರಿನವರಿಗೆ ತೀರ ಪರಿಚಿತ.

ಇನ್ನು ಗಲಾತ್ಯರ ಪತ್ರದ ಆ 2ನೇ ಅಧ್ಯಾಯ. ಇಷ್ಟೆಲ್ಲ ಆದ ಮೇಲೂ ಅಂತಿಯೋಕ್ಯದಲ್ಲಿ ಅದೇ ಪೇತ್ರ ಎಡವುತ್ತಾನೆ. ಅನ್ಯಜನರ ಜೊತೆ ನಿತ್ಯ ಉಣ್ಣುತ್ತಿದ್ದವನು ಜೆರುಸಲೇಮಿನಿಂದ ಕೆಲವರು ಬಂದದ್ದೇ ತಡ, ಅವರಿಗೆ ಅಂಜಿ ಪಂಕ್ತಿಯಿಂದ ಹಿಂದೆ ಸರಿಯುತ್ತಾನೆ. ಅವನನ್ನು ನೋಡಿ ಬಾರ್ನಬನೂ ಸರಿಯುತ್ತಾನೆ. ಪೇತ್ರನ ಬೋಧನೆಯಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ, ಬದಲಾದದ್ದು ಅವನು ಕುಳಿತ ಜಾಗ ಮಾತ್ರ. ಅಷ್ಟಕ್ಕೇ ಪೌಲನು ಎಲ್ಲರ ಎದುರಿನಲ್ಲಿ ಅವನನ್ನು ಖಂಡಿಸಿ, ಇದು ಶುಭಸಂದೇಶದ ಸತ್ಯಕ್ಕೆ ವಿರುದ್ಧವಾದ ನಡತೆ ಎನ್ನುತ್ತಾನೆ. ಇಡೀ ಹೊಸ ಒಡಂಬಡಿಕೆಯಲ್ಲಿ ನನಗೆ ಅತಿ ಹೆಚ್ಚು ಭಯ ಹುಟ್ಟಿಸುವ ಪ್ರಸಂಗ ಇದು. ಧರ್ಮಸಭೆಯ ಬಂಡೆ ಎನಿಸಿಕೊಂಡವನಿಗೇ 'ಜನ ಏನೆನ್ನುತ್ತಾರೋ' ಎಂಬ ಭಯ ಕಾಡಿತು ಎಂದ ಮೇಲೆ ನಮ್ಮ ಪಾಡೇನು?

ಹಾಮನಿಗೆ ಶಾಪ ತಗಲಿದ್ದರಿಂದ ಆಫ್ರಿಕದವರು ಕಪ್ಪಾದರು ಎಂದು ಯಾರೋ ಹೇಳಿದರು. ಅದು ಬೈಬಲಿನಲ್ಲಿದೆಯೇ?

ಇಲ್ಲ. ಆದಿಕಾಂಡದ 9ನೇ ಅಧ್ಯಾಯದಲ್ಲಿ ನೋಹನು ಶಪಿಸುವುದು ಹಾಮನನ್ನಲ್ಲ, ಹಾಮನ ಮಗ ಕಾನಾನನನ್ನು. ಅಲ್ಲಿ ಮೈಬಣ್ಣದ ಪ್ರಸ್ತಾಪವೇ ಇಲ್ಲ. ಆಫ್ರಿಕದ ಜನಾಂಗಗಳ ಮೂಲಪುರುಷನೆಂದು ಹೇಳುವ ಕೂಷನಿಗೆ ಆ ಶಾಪ ಸೋಕುವುದೇ ಇಲ್ಲ. ಗುಲಾಮರನ್ನು ಕೊಂಡು ಮಾರಿದವರಿಗೆ ಮನಸ್ಸಾಕ್ಷಿಯ ಬಾಯಿ ಮುಚ್ಚಿಸಲು ಒಂದು ವಚನ ಬೇಕಿತ್ತು, ಇದನ್ನು ತಿರುಚಿಕೊಂಡರು.

ದೇವರೇ ಇಸ್ರಯೇಲರನ್ನು ಪ್ರತ್ಯೇಕಿಸಿ, ಬೇರೆ ಜನಾಂಗದವರೊಡನೆ ಮದುವೆ ಬೇಡ ಎಂದನಲ್ಲವೇ?

ಆ ಆಜ್ಞೆಯ ಕಾರಣವನ್ನು ಧರ್ಮೋಪದೇಶಕಾಂಡವೇ ಹೇಳುತ್ತದೆ: ಅವರು ನಿಮ್ಮ ಮಕ್ಕಳನ್ನು ಬೇರೆ ದೇವರುಗಳ ಕಡೆಗೆ ತಿರುಗಿಸುವರು ಎಂಬುದು. ಅದು ಆರಾಧನೆಯ ಪ್ರಶ್ನೆ, ರಕ್ತದ ಪ್ರಶ್ನೆಯಲ್ಲ. ರಕ್ತದ ಪ್ರಶ್ನೆಯಾಗಿದ್ದರೆ ಮೋವಾಬಿನ ರೂತಳು ದಾವೀದನ ಮುತ್ತಜ್ಜಿಯಾಗಿ, ಆ ಮೂಲಕ ಯೇಸುವಿನ ವಂಶಾವಳಿಯಲ್ಲಿ ಹೆಸರಿನಿಂದ ಕಾಣಿಸಿಕೊಳ್ಳುತ್ತಿರಲಿಲ್ಲ. ಸಂಖ್ಯಾಕಾಂಡದ 12ನೇ ಅಧ್ಯಾಯವನ್ನೂ ನೋಡಿ. ಮೋಶೆ ಕೂಷ್ ದೇಶದವಳನ್ನು ಮದುವೆಯಾದನೆಂದು ಅಕ್ಕ ಮಿರ್ಯಾಮಳೂ ಅಣ್ಣ ಆರೋನನೂ ಗೊಣಗುತ್ತಾರೆ. ದೇವರು ಕೋಪಿಸಿಕೊಂಡದ್ದು ಮೋಶೆಯ ಮೇಲಲ್ಲ, ಗೊಣಗಿದವರ ಮೇಲೆ. ಮಿರ್ಯಾಮಳ ಚರ್ಮ ಹಿಮದಂತೆ ಬೆಳ್ಳಗಾಗುತ್ತದೆ. ತಮ್ಮನ ಕಪ್ಪು ಹೆಂಡತಿಯ ಬಗ್ಗೆ ಮಾತಾಡಿದವಳಿಗೆ ಬಿಳುಪೇ ಶಿಕ್ಷೆಯಾಗಿ ಬಂದದ್ದರಲ್ಲಿ ಸೂಕ್ಷ್ಮವಾದ ವ್ಯಂಗ್ಯವಿದೆ ಎಂದು ನನಗೆ ಯಾವಾಗಲೂ ಅನ್ನಿಸಿದೆ.

ಕ್ರೈಸ್ತರೇ ಗುಲಾಮಗಿರಿಯನ್ನೂ ವರ್ಣಭೇದವನ್ನೂ ನಡೆಸಿದರಲ್ಲವೇ? ಹೀಗಿರುವಾಗ ಇತರರಿಗೆ ಬುದ್ಧಿ ಹೇಳುವ ಅಧಿಕಾರ ಎಲ್ಲಿಂದ ಬರುತ್ತದೆ?

ಹೌದು, ನಡೆಸಿದರು. ಇದನ್ನು ಮುಚ್ಚಿಡುವುದರಿಂದ ಯಾವ ಪ್ರಯೋಜನವೂ ಇಲ್ಲ. 1452ರಲ್ಲಿ ಪೋಪ್ 5ನೇ ನಿಕೋಲಾಸರು ಕೊಟ್ಟ ಆಜ್ಞಾಪತ್ರ ಪೋರ್ಚುಗಲ್ಲಿನ ಅರಸನಿಗೆ ಕ್ರೈಸ್ತೇತರರನ್ನು ಗೆದ್ದು ದಾಸರನ್ನಾಗಿ ಮಾಡಿಕೊಳ್ಳುವ ಅನುಮತಿ ನೀಡಿತ್ತು. 1537ರಲ್ಲಿ ಪೋಪ್ 3ನೇ ಪೌಲರು, ಅಮೆರಿಕದ ಮೂಲನಿವಾಸಿಗಳೂ ಪೂರ್ಣ ಮನುಷ್ಯರೇ, ಅವರ ಸ್ವಾತಂತ್ರ್ಯವನ್ನೂ ಆಸ್ತಿಯನ್ನೂ ಕಸಿಯಬಾರದು ಎಂದು ಸಾರಿದರು. ಆದರೂ ವ್ಯಾಪಾರ ನಿಲ್ಲಲಿಲ್ಲ. 1838ರಲ್ಲಿ ಅಮೆರಿಕದ ಮೇರಿಲ್ಯಾಂಡಿನ ಯೇಸುಸಭೆಯ (ಜೆಸುಯಿಟ್) ಗುರುಗಳು 272 ಮಂದಿ ಕಪ್ಪು ಗುಲಾಮರನ್ನು ಮಾರಿದರು. ಆ ಹಣದ ಒಂದು ಪಾಲು ಜಾರ್ಜ್‌ಟೌನ್ ಕಾಲೇಜಿನ ಸಾಲ ತೀರಿಸಲು ಹೋಯಿತು. ಮಾರಲ್ಪಟ್ಟವರಲ್ಲಿ ಅನೇಕರು ದೀಕ್ಷಾಸ್ನಾನ ಪಡೆದ ಕಥೋಲಿಕರೇ ಆಗಿದ್ದರು. ಅವರ ವಂಶಸ್ಥರ ಎದುರು ಯೇಸುಸಭೆ ಬಹಿರಂಗವಾಗಿ ಕ್ಷಮೆ ಕೇಳಿದ್ದು 2017ರಲ್ಲಿ. ಆ ಹಳೆಯ ಆಜ್ಞಾಪತ್ರಗಳ ಮೇಲೆ ಕಟ್ಟಿದ, ಕ್ರೈಸ್ತ ಅರಸರು ಕಂಡುಹಿಡಿದ ನೆಲ ಅವರದೇ ಎನ್ನುವ 'ಶೋಧನೆಯ ಸಿದ್ಧಾಂತ'ವನ್ನು ವ್ಯಾಟಿಕನ್ ವಿಧ್ಯುಕ್ತವಾಗಿ ತಳ್ಳಿಹಾಕಿದ್ದು 2023ರಲ್ಲಿ.

ದಕ್ಷಿಣ ಆಫ್ರಿಕದ ಕಥೆಯಂತೂ ನೇರವಾಗಿ ಪ್ರಭುಭೋಜನದ ಮೇಜಿನಲ್ಲಿಯೇ ಆರಂಭವಾಗುತ್ತದೆ. ಅಲ್ಲಿನ ಡಚ್ ಸುಧಾರಿತ ಸಭೆ 1829ರಲ್ಲಿ ಬಣ್ಣದ ಭೇದವಿಲ್ಲದೆ ಎಲ್ಲರಿಗೂ ಒಂದೇ ಮೇಜಿನಲ್ಲಿ ಪ್ರಭುಭೋಜನ ಎಂದು ನಿರ್ಧರಿಸಿತ್ತು. 1857ರಲ್ಲಿ ಅದೇ ಸಭೆ, 'ಕೆಲವರ ದೌರ್ಬಲ್ಯದ ಕಾರಣ' ಎಂಬ ನೆಪ ಹೇಳಿ, ಬೇರೆ ಬೇರೆಯಾಗಿ ಕೂಡಲು ಅನುಮತಿಸಿತು. ದುರ್ಬಲರ ಮೇಲಿನ ಕರುಣೆಯಂತೆ ಕಾಣುವ ಆ ಒಂದು ಸಡಿಲಿಕೆ ಕ್ರಮೇಣ ಪ್ರತ್ಯೇಕ ಸಭೆಗಳಾಗಿ, ಮುಂದೆ ಇಡೀ ದೇಶದ ವರ್ಣಭೇದ ನೀತಿಗೆ ಧಾರ್ಮಿಕ ಆಧಾರವಾಗಿ ಬೆಳೆಯಿತು. ಅದರ ವಿರುದ್ಧ 1982ರಲ್ಲಿ ಸಿದ್ಧಗೊಂಡು 1986ರಲ್ಲಿ ಅಂಗೀಕಾರವಾದ ಬೆಲ್ಹಾರ್ ವಿಶ್ವಾಸ ಪ್ರಕಟಣೆಯನ್ನು ಬರೆದದ್ದು ಹಾಗೆ ಹೊರಗಿಡಲ್ಪಟ್ಟವರ ಸಭೆಯೇ.

ಆದ್ದರಿಂದ ಅಧಿಕಾರದ ಮಾತಿಗೆ ನನ್ನ ಉತ್ತರ ಇಷ್ಟು: ಬುದ್ಧಿ ಹೇಳುವ ಅಧಿಕಾರ ನಮಗಿಲ್ಲ, ತಪ್ಪೊಪ್ಪಿಕೊಳ್ಳುವ ಕರ್ತವ್ಯವಿದೆ. ಅಮೆರಿಕದ ಮಾರ್ಟಿನ್ ಲೂಥರ್ ಕಿಂಗ್, ದಕ್ಷಿಣ ಆಫ್ರಿಕದ ಡೆಸ್ಮಂಡ್ ಟುಟು ಮುಂತಾದವರು ಧರ್ಮಸಭೆಗಳ ತಪ್ಪನ್ನು ಎತ್ತಿ ತೋರಿಸಿದ್ದು ಧರ್ಮಸಭೆಗಳ ಕೈಯಲ್ಲಿದ್ದ ಅದೇ ಗ್ರಂಥದಿಂದ ಎಂಬುದನ್ನು ಮಾತ್ರ ಮರೆಯಬಾರದು.

ಜಾತಿ ಮತ್ತು ಜನಾಂಗ ಬೇರೆ ಬೇರೆಯಲ್ಲವೇ? ಕ್ರೈಸ್ತರಾದ ಮೇಲೆ ನಮಗೆ ಜಾತಿ ಎಲ್ಲಿದೆ?

ಶಾಸ್ತ್ರೀಯವಾಗಿ ಬೇರೆ ಹೌದು. ಜಾತಿಯನ್ನು ಮುಖ ನೋಡಿ ಹೇಳಲಾಗದು. ಆದರೆ ಹುಟ್ಟಿನಿಂದಲೇ ಮನುಷ್ಯನ ಮೇಲು–ಕೀಳು ನಿರ್ಧಾರವಾಗುತ್ತದೆ ಎಂಬ ನಂಬಿಕೆ ಎರಡರಲ್ಲಿಯೂ ಒಂದೇ. 1959ರಲ್ಲಿ ಭಾರತಕ್ಕೆ ಬಂದಿದ್ದ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ನಮ್ಮದೇ ಕೇರಳದ ತಿರುವನಂತಪುರದ ಒಂದು ಶಾಲೆಯಲ್ಲಿ, ದಲಿತ ಮಕ್ಕಳ ಎದುರು, ಮುಖ್ಯೋಪಾಧ್ಯಾಯರು ಅಮೆರಿಕದಿಂದ ಬಂದ ಇನ್ನೊಬ್ಬ ಅಸ್ಪೃಶ್ಯರು ಎಂದು ಪರಿಚಯಿಸಿದರು. ಮೊದಲು ಕಸಿವಿಸಿಯಾಯಿತು, ಆಮೇಲೆ ಆ ಮಾತು ನಿಜವೆಂದು ಒಪ್ಪಿಕೊಂಡೆ ಎಂದು ಕಿಂಗ್ 1965ರ ಒಂದು ಪ್ರವಚನದಲ್ಲಿ ನೆನಪಿಸಿಕೊಂಡಿದ್ದಾರೆ.

ನಮ್ಮಲ್ಲಿ ಜಾತಿ ಎಲ್ಲಿದೆ ಎಂದು ಕೇಳುವವರು ಕೊಂಕಣಿ ಕಥೋಲಿಕರ ಮದುವೆಯ ಮಾತುಕತೆಯಲ್ಲಿ ಒಮ್ಮೆ ಸುಮ್ಮನೆ ಕುಳಿತು ಕೇಳಬೇಕು. ಬಾಮಣ್, ಚಾರೊಡಿ, ಸುದಿರ್ ಎಂಬ ಜಾತಿಯ ಹೆಸರುಗಳು ನಾಲ್ಕು ಶತಮಾನದ ದೀಕ್ಷಾಸ್ನಾನದ ನೀರಿನಲ್ಲಿಯೂ ತೊಳೆದುಹೋಗಿಲ್ಲ. ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯ ವಡಕ್ಕನ್‌ಕುಳಂ ಇಗರ್ಜಿಯನ್ನು ಎರಡು ಜಾತಿಯವರು ಪರಸ್ಪರ ಕಾಣದಂತೆ ಕೂರಲು ಪ್ಯಾಂಟಿನ ಎರಡು ಕಾಲುಗಳ ಹಾಗೆ ಕಟ್ಟಿ ನಡುವೆ ಗೋಡೆ ಎಬ್ಬಿಸಿದ್ದರು. ಗುರುಗಳೊಬ್ಬರು ಅದನ್ನು ಕೆಡವಿಸಿದ್ದು 20ನೇ ಶತಮಾನದ ಆರಂಭದಲ್ಲಿ.

ಇದನ್ನು ಬೇಗ ಗುರುತಿಸಿದವರೂ ಇದ್ದರು. ಕಾಸರಗೋಡೂ ಮಂಗಳೂರೂ ಮದರಾಸು ಪ್ರಾಂತ್ಯದಲ್ಲಿದ್ದ ಕಾಲಕ್ಕೆ, 1850ರಲ್ಲಿ, ಮದರಾಸಿನ ಪ್ರೊಟೆಸ್ಟೆಂಟ್ ಮಿಷನರಿಗಳು ಕೂಡಿ, ಜಾತಿ ಬಿಟ್ಟೆ ಎಂದು ಬಾಯಲ್ಲಿ ಹೇಳಿದರೆ ಸಾಲದು, ಬೇರೆ ಜಾತಿಯವರ ಜೊತೆ ಕುಳಿತು ಉಂಡು ತೋರಿಸಬೇಕು ಎಂಬ ನಿಲುವಿಗೆ ಬಂದರು. ಮಂಗಳೂರಿನಲ್ಲಿ 1844ರಲ್ಲಿ ದೀಕ್ಷಾಸ್ನಾನ ಪಡೆದ ಸಾರಸ್ವತ ಬ್ರಾಹ್ಮಣ ಆನಂದರಾವ್ ಕೌಂಡಿನ್ಯರು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಓದಿ ಮಿಷನರಿಯಾಗಿ ಮರಳಿದರು. ಕೊಡಗಿನಲ್ಲಿ ಹೊಲೆಯ ಸಮುದಾಯದವರ ನಡುವೆ ಎದ್ದ ಆನಂದಪುರದ ನೆಲೆ ಅವರ ಹೆಸರನ್ನೇ ಹೊತ್ತಿದೆ.

ಇನ್ನೊಂದು ತೊಡಕು ಕಾನೂನಿನದು. 1950ರ ಪರಿಶಿಷ್ಟ ಜಾತಿಗಳ ಆದೇಶದ ಸೌಲಭ್ಯಗಳನ್ನು 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಲಾಯಿತು. ದಲಿತ ಕ್ರೈಸ್ತರು ಹೊರಗೇ ಉಳಿದರು. ನಿಮ್ಮ ಧರ್ಮದಲ್ಲಿ ಜಾತಿ ಇಲ್ಲ ಎಂದು ಸರ್ಕಾರ ಹೇಳುತ್ತದೆ, ನಿಮಗೆ ಜಾತಿ ಇದೆ ಎಂದು ಪಕ್ಕದ ಬೆಂಚಿನವನು ಹೇಳುತ್ತಾನೆ. ದಲಿತ ಕ್ರೈಸ್ತನಿಗೆ ಎರಡೂ ಕಡೆಯಿಂದ ಪೆಟ್ಟು.

ಕೊರಗ ಸಮುದಾಯದ ವಿಷಯದಲ್ಲಿ ಇದು ಹೇಗೆ ಅನ್ವಯಿಸುತ್ತದೆ?

ಕೊರಗರು ಈ ನೆಲದ ಮೂಲನಿವಾಸಿಗಳು. ಬುಟ್ಟಿ ಹೆಣೆಯುವ, ಡೋಲು ಬಾರಿಸುವ ಇವರನ್ನು ಕೇಂದ್ರ ಸರ್ಕಾರ ವಿಶೇಷವಾಗಿ ದುರ್ಬಲವಾದ ಬುಡಕಟ್ಟುಗಳಲ್ಲಿ ಎಣಿಸಿದೆ. ಅನ್ನದಲ್ಲಿ ಕೂದಲು, ಉಗುರು ಬೆರೆಸಿ ಕೊರಗರಿಗೆ ತಿನ್ನಿಸಿದರೆ ತಮ್ಮ ಅನಿಷ್ಟ ಅವರಿಗೆ ದಾಟುತ್ತದೆ ಎಂದು ನಂಬುತ್ತಿದ್ದ ಅಜಲು ಪದ್ಧತಿಯನ್ನು ಕರ್ನಾಟಕ 2000ದ ಕಾಯಿದೆಯಿಂದ ನಿಷೇಧಿಸಿತು. ಗಡಿಯ ಈಚೆ ಆ ಕಾಯಿದೆ ಅನ್ವಯಿಸದಿದ್ದರೂ 1989ರ ದೌರ್ಜನ್ಯ ತಡೆ ಕಾಯಿದೆ ದೇಶಕ್ಕೆಲ್ಲ ಒಂದೇ. ಪರಿಶಿಷ್ಟ ಪಂಗಡದ ಸ್ಥಾನಮಾನಕ್ಕೆ ಧರ್ಮದ ಷರತ್ತಿಲ್ಲದ ಕಾರಣ ಕ್ರೈಸ್ತರಾದ ಕೊರಗರು ಕಾನೂನಿನ ದೃಷ್ಟಿಯಲ್ಲಿ ಪರಿಶಿಷ್ಟ ಪಂಗಡದವರಾಗಿಯೇ ಇರುತ್ತಾರೆ ಎಂಬುದನ್ನೂ ತಿಳಿದಿರಬೇಕು.

ಕೊರಗರಿಗೆ ಅಂಗಳದ ಆಚೆ ತೆಂಗಿನ ಗೆರಟೆಯಲ್ಲಿ ಗಂಜಿ ಸುರಿದದ್ದನ್ನು ಕಂಡ ಹಿರಿಯರು ಇನ್ನೂ ಇದ್ದಾರೆ. ಅಂಥ ಗೆರಟೆ ಕ್ರೈಸ್ತರ ಅಂಗಳದಲ್ಲಿಯೂ ಇತ್ತು.

ಹೊರ ರಾಜ್ಯದ ಕೆಲಸಗಾರರಿಗೆ ಬೇರೆ ಲೋಟ ಇಡುವುದು ಶುಚಿತ್ವಕ್ಕಾಗಿ ತಾನೇ? ಅದನ್ನೂ ಪೂರ್ವಗ್ರಹ ಎನ್ನಬೇಕೇ?

ಈ ಪ್ರಶ್ನೆಗೆ ಉತ್ತರಿಸುವಾಗ ನನ್ನ ಮನೆಯ ಸಂಗತಿಯನ್ನೇ ಹೇಳುವುದು ಪ್ರಾಮಾಣಿಕತೆ. ಮಾಡು ರಿಪೇರಿಗೆ ಜಾರ್ಖಂಡಿನ ಮೂವರು ಬಂದಿದ್ದರು. ಅವರಿಗೆಂದು ಮೂರು ಸ್ಟೀಲ್ ಲೋಟಗಳನ್ನು ಬಾವಿಕಟ್ಟೆಯ ಮೇಲೆ ಕವುಚಿ ಇಟ್ಟಿದ್ದೆವು. ಒಂದಕ್ಕೆ ಅಂಚಿನಲ್ಲಿ ನೆಗ್ಗು ಬಿದ್ದಿತ್ತು. ಚಹಾವನ್ನು ಎತ್ತರದಿಂದ ಸುರಿಯುತ್ತಿದ್ದೆವು, ಪಾತ್ರೆ ಲೋಟಕ್ಕೆ ತಾಗದ ಹಾಗೆ. ಯಾರೂ ಹೀಗೆ ಮಾಡಬೇಕೆಂದು ಹೇಳಿರಲಿಲ್ಲ, ಕೈಗೆ ತಾನಾಗಿ ಬಂದಿತ್ತು. ನಾಲ್ಕನೆಯ ದಿನ ಭಾನುವಾರ. ಪರಮಪ್ರಸಾದದ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದವರು ಅವರಲ್ಲೊಬ್ಬರು, ಸಿಮ್ಡೇಗ ಜಿಲ್ಲೆಯ ಕಥೋಲಿಕರು. ಸೋಮವಾರ ಅವರ ಚಹಾ ಒಳಗಿನ ಲೋಟದಲ್ಲಿ ಬಂತು, ಚಾವಡಿಯಲ್ಲಿ ಕುರ್ಚಿಯೂ ಸಿಕ್ಕಿತು. ಉಳಿದ ಇಬ್ಬರ ಲೋಟ ಬಾವಿಕಟ್ಟೆಯಲ್ಲಿಯೇ ಇತ್ತು. ಅವರು ಅದನ್ನು ನೋಡಿದರು, ನಾನೂ ನೋಡಿದೆ.

ಮೊದಲ ತಪ್ಪಿಗಿಂತ ಎರಡನೆಯದು ದೊಡ್ಡದು ಎಂದು ಈಗ ತಿಳಿದಿದೆ. ಯೇಸುಸ್ವಾಮಿಯ ಸಾಮತಿಯಲ್ಲಿ ದಾರಿಯಲ್ಲಿ ಬಿದ್ದವನ ಧರ್ಮವನ್ನು ಸಮಾರಿಯದವನು ವಿಚಾರಿಸಲಿಲ್ಲ. ಶುಚಿತ್ವದ ಮಾತಿಗೆ ಬಂದರೆ, ಅದಕ್ಕೆ ಸೋಪು, ನೀರು ಸಾಕು. ಮನೆಯವರಿಗೆ ನೆಗಡಿಯಾದಾಗಲೂ ಲೋಟ ಬೇರೆ ಇಡುವುದಿಲ್ಲವಾದರೆ ಆ ಲೋಟ ಕ್ರಿಮಿಗೆಂದು ಇಟ್ಟದ್ದಲ್ಲ.

ಹುಡುಗಿ ಬೆಳ್ಳಗಿರಬೇಕು ಎಂದು ಬಯಸುವುದು ಕೇವಲ ಅಭಿರುಚಿಯಲ್ಲವೇ?

ಒಬ್ಬನ ಅಭಿರುಚಿ ಆಗಿದ್ದರೆ ಬಿಡಬಹುದಿತ್ತು. ಒಂದೇ ಅಭಿರುಚಿ ಇಡೀ ಊರಿಗೆ ಇದ್ದು, ಅದರ ಬೆಲೆಯನ್ನು ಕಪ್ಪು ಮೈಬಣ್ಣದ ಹೆಣ್ಣುಮಕ್ಕಳಷ್ಟೇ ತೆರುವಾಗ ಅದಕ್ಕೆ ಬೇರೆ ಹೆಸರು ಬೇಕು. ಲಿಮಾದ ಸಂತ ಮಾರ್ಟಿನ್ ಡಿ ಪೋರಸ್ ಬಿಡುಗಡೆ ಪಡೆದ ಕಪ್ಪು ಗುಲಾಮಳ ಮಗ. 1962ರಲ್ಲಿ ಸಂತರೆಂದು ಘೋಷಿತರಾದರು. ಸುಡಾನಿನಲ್ಲಿ ಬಾಲ್ಯದಲ್ಲಿಯೇ ಅಪಹರಣಕ್ಕೊಳಗಾಗಿ ಕೈಯಿಂದ ಕೈಗೆ ಮಾರಲ್ಪಟ್ಟ ಜೋಸೆಫಿನ್ ಬಖೀತಾ 2000ದಲ್ಲಿ ಸಂತಳಾದಳು. ಇವರ ಚಿತ್ರಕ್ಕೆ ಮೇಣದಬತ್ತಿ ಹಚ್ಚಿ, ಮನೆಗೆ ಬಂದು ಜಾಹೀರಾತಿನಲ್ಲಿ 'ಬಿಳಿ ಮೈಬಣ್ಣದ ವಧು ಬೇಕು' ಎಂದು ಬರೆಸುತ್ತೇವೆ.

ಕಾಸರಗೋಡಿನಲ್ಲಿ ಕನ್ನಡದ ಬಲಿಪೂಜೆ ಬೇಕೆಂದು ಕೇಳುವುದೂ ಪೂರ್ವಗ್ರಹವೇ?

ಅಲ್ಲ. ಪೆಂತೆಕೋಸ್ತಿನ ದಿನ ಪವಿತ್ರಾತ್ಮರು ಎಲ್ಲರಿಗೂ ಒಂದೇ ಭಾಷೆ ಕಲಿಸಲಿಲ್ಲ. ಪ್ರತಿಯೊಬ್ಬನಿಗೂ ಅವನವನ ನುಡಿಯಲ್ಲಿಯೇ ಕೇಳಿಸಿದರು. ಗ್ರೀಕ್ ಮಾತಾಡುವ ವಿಧವೆಯರನ್ನು ದಿನದ ಅನ್ನ ಹಂಚುವಾಗ ಕಡೆಗಣಿಸಲಾಗುತ್ತಿದೆ ಎಂಬ ದೂರು ಬಂದಾಗ ಪ್ರೇಷಿತರು 'ನಾವೆಲ್ಲ ಒಂದೇ' ಎಂದು ಬಾಯಿ ಮುಚ್ಚಿಸಲಿಲ್ಲ, ಏಳು ಮಂದಿಯನ್ನು ನೇಮಿಸಿ ವ್ಯವಸ್ಥೆಯನ್ನೇ ಸರಿಪಡಿಸಿದರು. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ದೇವರ ಚಿತ್ತಕ್ಕೆ ವಿರುದ್ಧವೆಂದು ಹೇಳಿದ ತಾರತಮ್ಯಗಳ ಸಾಲಿನಲ್ಲಿ ಜನಾಂಗ, ಬಣ್ಣದ ಜೊತೆ ಭಾಷೆಯನ್ನೂ ಹೆಸರಿಸಿದೆ. 1956ರಲ್ಲಿ ಗಡಿಯ ಈಚೆ ಉಳಿದ ಕನ್ನಡಿಗರಿಗೆ ತಮ್ಮ ಭಾಷೆಯಲ್ಲಿ ಪ್ರಾರ್ಥಿಸುವ ಹಂಬಲ ಸಹಜವಾದದ್ದು, ನ್ಯಾಯವಾದದ್ದು.

ಭಾಷೆಯ ಪ್ರೀತಿ ಮಲಯಾಳಿಗಳ ಕುರಿತ ತಿರಸ್ಕಾರವಾಗಿ ತಿರುಗಿದಾಗ ಮಾತ್ರ ಅದು ಪೂರ್ವಗ್ರಹವಾಗುತ್ತದೆ. ಬೆಟ್ಟದ ಕಡೆಗೆ ವಲಸೆ ಬಂದ ತಿರುವಾಂಕೂರಿನವರ ಬಗ್ಗೆ ನಾವು ಆಡುವ ಕೆಲವು ಜೋಕುಗಳು ಅವರು ಎದುರಿಗಿದ್ದಾಗ ಹೊರಬರುವುದಿಲ್ಲ ಎಂಬುದನ್ನು ಗಮನಿಸಿ.

ಮನಸ್ಸಿನಲ್ಲಿರುವ ಪೂರ್ವಗ್ರಹವನ್ನು ಪಾಪನಿವೇದನೆಯಲ್ಲಿ ಹೇಳಬೇಕೇ?

ತಾನಾಗಿ ಎದ್ದು ಬರುವ ಭಾವನೆ ಪಾಪವಲ್ಲ. ಅದಕ್ಕೆ ಒಪ್ಪಿಗೆ ಕೊಟ್ಟು ಅದರಂತೆ ಆಡಿದ್ದು, ಮಾಡಿದ್ದು ಪಾಪ. ಸಂತ ಯಕೋಬರು ತಮ್ಮ ಪತ್ರದ 2ನೇ ಅಧ್ಯಾಯದಲ್ಲಿ ಮುಖ ನೋಡಿ ಮಣೆ ಹಾಕುವುದನ್ನು ಪಾಪವೆಂದೇ ಕರೆದಿದ್ದಾರೆ. ಹೇಳುವಾಗ 'ನನ್ನಲ್ಲಿ ತಾರತಮ್ಯವಿದೆ ಫಾದರ್' ಎಂದು ತೇಲಿಸಬೇಡಿ. ಯಾರಿಗೆ, ಎಂದು, ಏನು ಮಾಡಿದೆ ಎಂದು ಹೇಳಿ.

ಮನೆಯ ಹಿರಿಯರು ಹೀಗೆ ಮಾತಾಡಿದರೆ ಏನು ಮಾಡಬೇಕು? ಎಲ್ಲಿಂದ ಆರಂಭಿಸಬೇಕು?

ಅಜ್ಜಿಯ ಜೊತೆ ವಾದಕ್ಕೆ ಇಳಿಯಬೇಡಿ, ಅವರು ಗೆಲ್ಲುತ್ತಾರೆ. ಅವರು ಜರೆಯುವ ಜನರ ಪೈಕಿ ಅವರಿಗೆ ಗೊತ್ತಿರುವ ಒಬ್ಬರ ಹೆಸರೆತ್ತಿ ವಿಚಾರಿಸಿ. 'ಆ ಜಾತಿಯವರು' ಎಂದು ಬೈಯುವವರೇ ಹೆರಿಗೆಯ ರಾತ್ರಿ ನೆರವಿಗೆ ಬಂದ ಒಬ್ಬಾಕೆಯನ್ನು ನೆನೆದು ಮೆತ್ತಗಾಗುವುದನ್ನು ನಾನು ಕಂಡಿದ್ದೇನೆ. ಮಕ್ಕಳ ಎದುರು ಆಡಿದ ಮಾತನ್ನು ಮಾತ್ರ ಹಾಗೆಯೇ ಬಿಡಬಾರದು, ಗೌರವದಿಂದಲೇ ಅಲ್ಲಿಯೇ ತಡೆಯಬೇಕು.

ಆರಂಭಕ್ಕೆ ದೂರ ಹೋಗುವುದು ಬೇಡ. ವಾಳೆಯ ಪ್ರಾರ್ಥನೆ ಒಂದೊಂದು ಸಲ ಒಂದೊಂದು ಮನೆಯಲ್ಲಿ ನಡೆಯುತ್ತದೆ. ಕೆಲವು ಮನೆಗಳಲ್ಲಿ ಜಪಸರ ಮುಗಿದ ಕೂಡಲೇ 'ಈಗಷ್ಟೇ ಕುಡಿದು ಬಂದೆ, ಚಹಾ ಬೇಡ' ಎಂದು ಏಳುವವರು ಇನ್ನು ಕೆಲವು ಮನೆಗಳಲ್ಲಿ ಎರಡನೆಯ ಲೋಟಕ್ಕೂ ಕೈ ಚಾಚುತ್ತಾರೆ. ಯಾವ ಮನೆಗಳು ಎಂಬುದು ವಾಳೆಯ ಮುಖ್ಯಸ್ಥರಾದ ಗುರ್ಕಾರರಿಗೂ ಗೊತ್ತು, ಆ ಮನೆಯವರಿಗೂ ಗೊತ್ತು. ಮುಂದಿನ ಸಲ ಆ ಮನೆಯಲ್ಲಿ ಚಹಾ ತಂದಿಟ್ಟಾಗ ಕುಳಿತುಕೊಳ್ಳಿ, ಕುಡಿಯಿರಿ, ಚಕ್ಕುಲಿ ಇಟ್ಟರೆ ಅದನ್ನೂ ತಿನ್ನಿ.